ಎರಡು ಬಾಯಿನ ಮೆಷಿನ್

ಮಾರ್ಚ್ 3

ಪ್ರೀತಿಯ ಅತ್ತಿಗೆ,

ಈ ಕಾಗದದ ಜೊತೆ ಒಂದು ಪೆಟ್ಟಿಗೆ ಬರುತ್ತೆ. ನಮ್ಮನೆಯವರ ಆಫೀಸಿನವರೊಬ್ಬರು ಆ ಕಡೆ ಬರ್ತಿದ್ದಾರೆ. ಪಾಪ, ಅವರ ಬಟ್ಟೆಬರೆಗಿಂತ ಇದೇ ಭಾರ. ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ, ಒಂದು ಲೋಟ ಟೀ ಆದರೂ ಕೊಡಿ.

ಒಳಗಿರೋದು ಎರಡು ಬಾಯಿನ ಮೆಷಿನ್. ಎಡಗಡೆ ಬಾಯಿಗೆ ನಮ್ಮ ಹಳೇ ವಿಡಿಯೋ ಕ್ಯಾಸೆಟ್ ಹಾಕೋದು, ಬಲಗಡೆ ಬಾಯಿಗೆ ಖಾಲಿ ಡಿಸ್ಕ್. ಗುಂಡಿ ಒತ್ತಿದರೆ ಅದರಲ್ಲಿರೋದು ಇದಕ್ಕೆ ಇಳಿಯುತ್ತೆ. ಅಷ್ಟೇ. ಮಿಕ್ಸಿ ಓಡಿಸೋರಿಗೆ ಇದೇನು ಕಷ್ಟ ಅಲ್ಲ ಅಂತ ಅಂಗಡಿಯವನು ಹೇಳಿದ. ಖಾಲಿ ಡಿಸ್ಕ್‌ಗಳ ಒಂದು ಡಬ್ಬಿಯನ್ನೂ ಇಟ್ಟಿದ್ದೀನಿ.

ಟೇಪ್ ಸಿಕ್ಕಿಹಾಕಿಕೊಂಡಿತು, ಅಮ್ಮ ಮಧ್ಯಾಹ್ನದ ಊಟವನ್ನೇ ಬಿಟ್ಟಳು ಅಂತ ನೀವು ಫೋನಲ್ಲಿ ಹೇಳಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಅಣ್ಣನ ದನಿ ಇರೋದು ಆ ಒಂದೇ ಕ್ಯಾಸೆಟ್‌ನಲ್ಲಿ. ಅವನು ಹೋದಾಗಿನಿಂದ ಅಮ್ಮ ದಿನಾ ಬೆಳಿಗ್ಗೆ ಅದನ್ನೇ ನೋಡ್ತಾಳೆ. ಟೇಪ್ ಅಂದರೆ ಚಪ್ಪಲಿ ಇದ್ದ ಹಾಗೆ, ನಡೆದಷ್ಟೂ ಸವೆಯುತ್ತೆ. ಡಿಸ್ಕ್ ಸವೆಯಲ್ಲ ಅತ್ತಿಗೆ! ಅಂಗಡಿಯವನು ಎದೆ ಮುಟ್ಟಿಕೊಂಡು ಹೇಳಿದ. ಅಮ್ಮ ನೂರು ವರ್ಷ ನೋಡಲಿ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ಅಮ್ಮನಿಗೆ ಅಂತ ಕಿಟಕಿ ಪಕ್ಕದ ರೂಮು ಹಾಗೇ ಇಟ್ಟಿದ್ದೀನಿ. ಆದರೆ ಕರೆದರೆ ಬರ್ತಾಳಾ? ಆ ಟೇಪು, ಅದು ಓಡೋ ಆ ಹಳೇ ಡಬ್ಬ ಬಿಟ್ಟು ಕದಲೋಳಲ್ಲ. ಇಲ್ಲಿ ಅಂಥ ಮೆಷಿನ್ ಯಾರ ಮನೇಲೂ ಇಲ್ಲ. ಹೋಗಲಿ ಬಿಡಿ, ನಿಮ್ಮ ಅದೃಷ್ಟ, ನಮ್ಮಮ್ಮ ನಿಮಗೇ ಗಟ್ಟಿ.

ನಿಮ್ಮ
ಗುಬ್ಬಿ


ಮಾರ್ಚ್ 21

ಗುಬ್ಬಿ,

ಮೆಷಿನ್ ಬಂತು. ತಂದವರಿಗೆ ಟೀ ಅಷ್ಟೇ ಅಲ್ಲ, ಊಟವನ್ನೂ ಹಾಕಿ ಕಳಿಸಿದೆ. ಅತ್ತೆ ಅವರನ್ನ ಎದುರಿಗೆ ಕೂರಿಸಿಕೊಂಡು ನಿನ್ನ ಮನೆ ಹೇಗಿದೆ, ಅಡುಗೆಮನೆ ಎಷ್ಟುದ್ದ, ಕಿಟಕಿಯಿಂದ ಏನು ಕಾಣುತ್ತೆ ಅಂತ ಕೇಳಿದ್ದೇ ಕೇಳಿದ್ದು. ಆ ಮನುಷ್ಯ, "ನಾನು ಒಳಗೆ ಹೋಗಿಲ್ಲಮ್ಮ, ಗೇಟಲ್ಲೇ ಪೆಟ್ಟಿಗೆ ಕೊಟ್ಟರು" ಅಂದರು. ನನಗೆ ಟೀ ಕೊಡು ಅಂತ ಉಪದೇಶ ಮಾಡಿ ನೀನು ಗೇಟಲ್ಲೇ ಸಾಗಹಾಕಿದ್ದೀಯ. ಭೇಷ್.

ಫೋನ್ ಮಾಡದೆ ಕಾಗದ ಯಾಕೆ ಅಂತ ಕೇಳಬೇಡ. ಫೋನ್ ಇರೋದು ಅತ್ತೆ ಕುರ್ಚಿ ಪಕ್ಕ. ಮಂಡಿ ಕೈಕೊಟ್ಟರೂ ಅವರ ಕಿವಿ ಮಾತ್ರ ಹದಿನಾರರ ಹುಡುಗೀದು. ನಾನು "ಹಲೋ" ಅಂದರೆ ಅವರು "ಯಾರು, ಗುಬ್ಬೀನಾ, ತೂಕ ಇಳಿದಿದೆಯಾ ಕೇಳು" ಅಂತಾರೆ. ಈ ಮಾತು ಅಲ್ಲಿ ಆಡೋದಲ್ಲ.

ನಮ್ಮ ದಿನ ಹೇಗಿದೆ ಅಂತ ನಿನಗೆ ಯಾವತ್ತೂ ಸರಿಯಾಗಿ ಬರೆದಿಲ್ಲ. ಬೆಳಿಗ್ಗೆ ಅತ್ತೆಗೆ ಸ್ನಾನ, ತಿಂಡಿ. ಅದಾದ ಮೇಲೆ ಕ್ಯಾಸೆಟ್. ನಿಮ್ಮಣ್ಣ ಕ್ಯಾಮೆರಾ ತಂದ ದಿನ ತೆಗೆದದ್ದು, ನೆನಪಿದೆಯಾ? ಟೆರೇಸ್ ಮೇಲೆ ಅತ್ತೆ ಬಟ್ಟೆ ಒಣಗಿಸ್ತಿರ್ತಾರೆ. ನೀನು ಎರಡು ಜಡೆ ಹಾಕ್ಕೊಂಡು ನಾಲಿಗೆ ಚಾಚ್ತೀಯ. ನಾನು ಬಕೆಟ್ ಹೊತ್ತು ಮೆಟ್ಟಿಲು ಹತ್ತಿ ಬರ್ತೀನಿ. ಕ್ಯಾಮೆರಾ ಹಿಡಿದಿರೋ ಇವರು ಕಾಣಲ್ಲ, ದನಿ ಮಾತ್ರ. "ಅಮ್ಮಾ, ಇಲ್ಲಿ ನೋಡು" ಅಂತಾರೆ. ಟೇಪಿನಲ್ಲಿರೋ ಅತ್ತೆ ತಿರುಗೋದೇ ಇಲ್ಲ. ಒದ್ದೆ ದುಪ್ಪಟಿ ಕೊಡವಿ, ಬೆನ್ನು ಹಾಕಿ ನಿಲ್ತಾರೆ. ಕುರ್ಚಿಯಲ್ಲಿರೋ ಅತ್ತೆ ಉತ್ತರ ಕೊಡ್ತಾರೆ. "ನೋಡ್ತಾ ಇದ್ದೀನಪ್ಪ." ದಿನಾ. ಒಂದು ದಿನ ತಪ್ಪಿಲ್ಲ. ನಾನು ಪಕ್ಕದಲ್ಲಿ ಕೂತಿರಬೇಕು, ಎದ್ದರೆ ಕುರ್ಚಿ ತಡವಿ ನೋಡ್ತಾರೆ.

ಆಮೇಲೆ ನಾನು ಕಿಟಕಿ ಹತ್ತಿರ ಹೊಲಿಗೆ ಮೆಷಿನ್ ಮುಂದೆ ಕೂರ್ತೀನಿ. ಕಿಟಕಿಯಲ್ಲಿ ಕಾಣೋದು ಎದುರು ಮನೆ ಗೋಡೆ, ಅದರ ನೀರಿನ ಪೈಪು. ತರಕಾರಿಗೆ ಇಳಿದರೂ ಪಕ್ಕದ ಮನೆಯವರನ್ನ ಕೂರಿಸಿ ಇಳೀಬೇಕು. ಅತ್ತೆ ಕೆಟ್ಟವರಲ್ಲ ಗುಬ್ಬಿ. ಆದರೆ ನನಗೆ ಉಸಿರು ಕಟ್ಟುತ್ತೆ. ಬರೆದುಬಿಟ್ಟೆ ನೋಡು.

ಈಗ ಸುದ್ದಿ. ಯೂನಿಫಾರ್ಮ್ ಹೊಲಿಯೋ ಫ್ಯಾಕ್ಟರಿಯವರು ನನ್ನನ್ನ ಕಟಿಂಗ್ ಮಾಸ್ಟರ್ ಆಗಿ ಕರೆದಿದ್ದಾರೆ. ಬೇರೆ ಊರು, ಒಂದು ರಾತ್ರಿ ರೈಲಿನ ದಾರಿ. ಫ್ಯಾಕ್ಟರಿ ಹಿಂದೆಯೇ ಇರೋಕೆ ರೂಮು. ಮೂವತ್ತು ಜನ ಹೊಲಿಯೋರು, ನಾನು ಕತ್ತರಿಸಿ ಕೊಟ್ಟಿದ್ದನ್ನ ಹೊಲೀತಾರೆ. ಜೂನ್ ಮೊದಲನೇ ತಾರೀಖು ಸೇರಬೇಕು.

ನೀನು ಮೆಷಿನ್ ಯಾಕೆ ಕಳಿಸಿದೆ ಅಂತ ನನಗೆ ಅರ್ಥವಾಯ್ತು. ಅಮ್ಮ ಟೇಪ್ ಬಿಟ್ಟು ಬರಲ್ಲ, ಅದಕ್ಕೆ ಟೇಪನ್ನೇ ಅಮ್ಮನ ಜೊತೆ ಕರೆಸಿಕೊಳ್ಳೋಣ ಅಂತ ತಾನೇ? ಬಾಯಿಬಿಟ್ಟು ಹೇಳದೆ ಇಷ್ಟು ದೊಡ್ಡ ಉಪಕಾರ ಮಾಡ್ತಿದ್ದೀಯ. ಓದಿ ಕಣ್ಣಲ್ಲಿ ನೀರು ಬಂತು. ಎಲ್ಲ ಕ್ಯಾಸೆಟ್ಟೂ ಇಳಿಸಿ, ಮೇ ಕೊನೆಗೆ ಅತ್ತೇನ ನಾನೇ ಕರ್ಕೊಂಡು ಬಂದು ಬಿಡ್ತೀನಿ.

ನಿನ್ನ
ಅತ್ತಿಗೆ


ಏಪ್ರಿಲ್ 9

ಪ್ರೀತಿಯ ಅತ್ತಿಗೆ,

ಕೆಲಸದ ವಿಷಯ ಕೇಳಿ ತುಂಬಾ ಸಂತೋಷವಾಯ್ತು. ನಿಮ್ಮ ಕೈ ಅಂಥದ್ದು. ನನ್ನ ಸ್ಕೂಲ್ ಲಂಗ ನೀವು ಹೊಲಿದುಕೊಟ್ಟಿದ್ದು ಮೂರು ವರ್ಷ ಬಂತಲ್ಲ.

ಇಲ್ಲಿ ಈಗ ಚಳಿ ಬಿಟ್ಟಿದೆ. ನಮ್ಮನೆಯವರಿಗೆ ಆಫೀಸಿನಲ್ಲಿ ವಿಪರೀತ ಕೆಲಸ. ಮೆಷಿನ್‌ನ ಜಾಗ ತೇವ ಇರಬಾರದಂತೆ, ಮೇಲೆ ಬಟ್ಟೆ ಹೊದಿಸಿಡಿ.

ಅಮ್ಮನ ವಿಷಯ. ಅವಸರ ಮಾಡೋದು ಬೇಡ ಅತ್ತಿಗೆ. ವಯಸ್ಸಾದವರನ್ನ ಜಾಗ ಬದಲಾಯಿಸಿದರೆ ಒಗ್ಗಲ್ಲ ಅಂತಾರೆ. ಇಲ್ಲಿ ಮಾತಾಡೋಕೆ ಜನ ಇಲ್ಲ. ಮೊದಲು ನೀವು ಕ್ಯಾಸೆಟ್ ಎಲ್ಲ ಇಳಿಸಿ, ಒಂದೂ ಬಿಡಬೇಡಿ. ಪಕ್ಕದ ಮನೆ ಮದುವೆದೂ ಇದೆ ಅಲ್ವಾ, ಅದೂ ಇರಲಿ. ಆಮೇಲೆ ನಿಧಾನಕ್ಕೆ ನೋಡೋಣ. ಫ್ಯಾಕ್ಟರಿಯವರಿಗೆ ಮುಂದಿನ ವರ್ಷ ಅಂದರೆ ಆಗಲ್ವಾ?

ನಿಮ್ಮ
ಗುಬ್ಬಿ


ಏಪ್ರಿಲ್ 24

ಗುಬ್ಬಿ,

ಮುಂದಿನ ವರ್ಷ ಅಂತೆ! ಅವರೇನು ನನ್ನ ಮಾವನ ಮಕ್ಕಳಾ, ಕಾಯೋಕೆ?

ನಿನ್ನ ಮೆಷಿನ್‌ಗೆ ಅವಸರ ಅನ್ನೋದೇ ಗೊತ್ತಿಲ್ಲ. ಎರಡು ಗಂಟೆ ಕ್ಯಾಸೆಟ್ ಇಳಿಸೋಕೆ ಎರಡು ಗಂಟೆಯೇ ಬೇಕು. ಓಡಿಸಿ ಬಿಟ್ಟು ಹೋಗೋ ಹಾಗೂ ಇಲ್ಲ. ಟೇಪ್ ಕಿರ್ ಅಂದ ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ಮೆಷಿನ್ ಹೊಟ್ಟೆಯೊಳಗೇ ಸುತ್ತಿಕೊಳ್ಳುತ್ತೆ. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಕೆಳಗಡೆ ಟಿವಿ ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಮನೆಯ ಹಳೇ ದಿನಗಳನ್ನೆಲ್ಲ ನಾನು ಇನ್ನೊಂದು ಸಲ, ಇದ್ದ ಉದ್ದಕ್ಕೂ, ಕೂತು ಕಳೀತಿದ್ದೀನಿ. ಪಕ್ಕದ ಮನೆ ಮದುವೆಯಲ್ಲಿ ಜನ ಊಟ ಮಾಡೋದನ್ನ ಮುಕ್ಕಾಲು ಗಂಟೆ ನೋಡಿದೆ. ಅದರಲ್ಲಿ ಅರ್ಧ ಜನ ಈಗ ಇಲ್ಲ, ಇರೋರಿಗೆ ಹಲ್ಲಿಲ್ಲ.

ಟೆರೇಸ್ ಕ್ಯಾಸೆಟ್ ಇಳಿಸುವಾಗ ಒಂದು ವಿಚಿತ್ರ ಆಯ್ತು. ಹಸಿರು ಸೀರೆಯ ಆ ಹುಡುಗಿ ಬಕೆಟ್ ಹೊತ್ತು ಮೆಟ್ಟಿಲು ಹತ್ತಿ ಬರ್ತಾಳಲ್ಲ, ನಾನೇ, ಅವಳನ್ನ ನೋಡಿ ನನ್ನ ಬಾಯಿಂದ, "ಇಳಿಯೇ, ವಾಪಸ್ ಇಳಿದು ಬೀದಿಗೆ ಹೋಗೇ" ಅಂತ ಬಂದುಬಿಡ್ತು. ಅತ್ತೆ ನನ್ನ ಮುಖ ನೋಡಿದರು. ನನಗೂ ಟಿವಿಗೆ ಮಾತಾಡೋ ರೋಗ ಬಂತು ಅಂದ್ಕೊಂಡೆ.

ಮೊದಲು ಇಳಿಸಿದ್ದು ಅದನ್ನೇ. ಈ ಕವರಿನಲ್ಲಿದೆ. ನಿನ್ನ ಟಿವೀಲಿ ಹಾಕಿ ನೋಡು. ಓಡಿದರೆ ಅತ್ತೆ ಅಲ್ಲಿ ನೆಮ್ಮದಿಯಾಗಿ ಇರ್ತಾರೆ ಅಂತ ನಿನಗೂ ಧೈರ್ಯ ಬರುತ್ತೆ. ಒಗ್ಗಲ್ಲ ಗಿಗ್ಗಲ್ಲ ಎಲ್ಲ ಬಿಡು. ನಿನ್ನ ತಾಯಿ, ನಿನ್ನ ಮನೆ, ಕಿಟಕಿ ಪಕ್ಕದ ರೂಮು. ಇನ್ನೇನು ಬೇಕು?

ನನಗೆ ನಲವತ್ತೆರಡು ಗುಬ್ಬಿ. ಈ ಬಾಗಿಲು ಇನ್ನೊಂದು ಸಲ ತೆರೆಯಲ್ಲ. ಹೂಂ ಅಂತ ಒಂದು ಸಾಲು ಬರಿ.

ನಿನ್ನ
ಅತ್ತಿಗೆ


ಮೇ 10

ಅತ್ತಿಗೆ,

ಡಿಸ್ಕ್ ಬಂತು. ಆದರೆ ಇಲ್ಲಿ ಓಡ್ತಿಲ್ಲ. ಹಾಕಿದರೆ ಏನೋ ಬರೆದು ತೋರಿಸಿ ವಾಪಸ್ ಉಗುಳುತ್ತೆ. ನಮ್ಮ ಪ್ಲೇಯರ್ ಬೇರೆ ಥರದ್ದು ಅನ್ಸುತ್ತೆ. ಅಮ್ಮನ ಇಲ್ಲಿಗೆ ಕರೆಸಿ, ಇದೇ ಓಡದಿದ್ದರೆ ಅವಳ ಗತಿ ಏನು ಹೇಳಿ? ಊಟ ಬಿಟ್ಟು ಕೂತರೆ ನಾನೇನು ಮಾಡಲಿ? ಅಲ್ಲೇ ಇದ್ದರೆ ಅವಳಿಗೂ ಒಳ್ಳೇದು.

ತಪ್ಪು ತಿಳ್ಕೋಬೇಡಿ.

ಗುಬ್ಬಿ


ಮೇ 19

ಗುಬ್ಬಿ,

ನಿನ್ನ ಕಾಗದ ಹಿಡ್ಕೊಂಡು ರಿಪೇರಿಯವರ ಅಂಗಡಿಗೆ ಓಡಿದೆ. ಅವರು ನಕ್ಕು, "ಅಕ್ಕಾ, ಬಾಟ್ಲಿ ತುಂಬಿಸಿದ್ದೀರಿ, ಮುಚ್ಚಳ ಹಾಕಿಲ್ಲ" ಅಂದರು. ಡಿಸ್ಕ್ ತುಂಬಿಸಿದ ಮೇಲೆ ಕೊನೇಲಿ ಫೈನಲೈಸ್ ಅಂತ ಒಂದು ಗುಂಡಿ ಒತ್ತಬೇಕಂತೆ. ಅದು ಒತ್ತದಿದ್ದರೆ ಡಿಸ್ಕ್ ಹುಟ್ಟಿದ ಮೆಷಿನ್‌ನಲ್ಲಿ ಮಾತ್ರ ಓಡುತ್ತೆ, ಬೇರೆ ಮನೇಲಿ ಬಾಯಿ ಬಿಡಲ್ಲ. ಒತ್ತಿದರೆ ಎಲ್ಲಿಗಾದರೂ ಹೋಗಬಹುದು. ಆದರೆ ಆಮೇಲೆ ಅದಕ್ಕೆ ಏನನ್ನೂ ಸೇರಿಸೋಕೆ ಆಗಲ್ಲ.

ಮನೆಗೆ ಬಂದು ಮತ್ತೆ ಕ್ಯಾಸೆಟ್ ಹಾಕಿ, ಇನ್ನೊಂದು ಡಿಸ್ಕ್ ಮಾಡಿದೆ. ಕೊನೆಗೆ ಆ ಗುಂಡಿ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ. ಇನ್ನೇನೂ ಸೇರಿಸೋಕೆ ಆಗಲ್ಲ ಅನ್ನೋ ಮಾತು ಕಿವೀಲೇ ಇತ್ತು. ಇವರದ್ದು ಇನ್ನೇನು ಸೇರೋದಿದೆ, ಬಿಡು ಅಂತ ಒತ್ತಿದೆ.

ರಿಪೇರಿಯವರು ಅಂಗಡೀಲಿರೋ ಎಲ್ಲ ಪ್ಲೇಯರ್‌ಗೂ ಹಾಕಿ ನೋಡಿದರು. ರಿಪೇರಿಗೆ ಬಂದಿದ್ದ ಮುರುಕಲು ಪ್ಲೇಯರ್ ಕೂಡ ಓಡಿಸಿತು. ಒಂದೊಂದು ಟಿವೀಲೂ ನಿಮ್ಮಣ್ಣ "ಅಮ್ಮಾ, ಇಲ್ಲಿ ನೋಡು" ಅನ್ನೋದೇ. ಬೀದೀಲಿ ಹೋಗೋರು ನಿಂತು ನೋಡಿದರು.

ಆ ಡಿಸ್ಕ್ ಈ ಕವರಿನಲ್ಲಿದೆ. ಈ ಸಲ ಓಡದೇ ಇರೋಕೆ ಸಾಧ್ಯವೇ ಇಲ್ಲ. ಫ್ಯಾಕ್ಟರಿಯವರ ಕೈಕಾಲು ಹಿಡಿದು ಜುಲೈ ಹದಿನೈದರವರೆಗೆ ಸಮಯ ಕೇಳಿದ್ದೀನಿ. ಅಲ್ಲಿಂದಾಚೆಗೆ ಇಲ್ಲ ಅಂತ ಖಡಾಖಂಡಿತ ಹೇಳಿದ್ದಾರೆ. ಟಿಕೆಟ್ ಯಾವತ್ತಿಗೆ ಮಾಡಿಸಲಿ?

ಅತ್ತಿಗೆ


ಜೂನ್ 2

ಅತ್ತಿಗೆ,

ಇದೂ ಓಡಲಿಲ್ಲ. ಏನು ಮಾಡೋದೋ ಗೊತ್ತಾಗ್ತಿಲ್ಲ. ಟಿಕೆಟ್ ಈಗ ಬೇಡ.

ಗುಬ್ಬಿ


ಜೂನ್ 12

ಗುಬ್ಬಿ,

ಯಾರ ಹತ್ತಿರ ಕಾಗೆ ಹಾರಿಸ್ತೀಯ? ನೀನು ಜಡೆ ಹಾಕೋಕೆ ಬರದೆ ನನ್ನ ಮುಂದೆ ಬಂದು ಕೂರ್ತಿದ್ದ ದಿನದಿಂದ ನೋಡಿದ್ದೀನಿ. ಸುಳ್ಳು ಹೇಳುವಾಗ ನಿನ್ನ ಮಾತು ಚಿಕ್ಕದಾಗುತ್ತೆ. ಈ ಸಲದ ಕಾಗದದಲ್ಲಿ ಎಷ್ಟು ಸಾಲಿದೆ, ನೀನೇ ನೋಡ್ಕೋ.

ಮುರುಕಲು ಪ್ಲೇಯರ್‌ನಲ್ಲಿ ಓಡಿದ ಡಿಸ್ಕ್ ನಿನ್ನ ಮನೇಲಿ ಓಡಲಿಲ್ಲ ಅಂದರೆ, ನೀನು ಓಡಿಸಲಿಲ್ಲ. ಅಷ್ಟೇ. ಅಮ್ಮ ಬೇಡ ಅಂದರೆ ಬೇಡ ಅಂತ ಬರಿ. ಮೆಷಿನ್ ಮೇಲೆ, ವಯಸ್ಸಿನ ಮೇಲೆ, ಒಗ್ಗದಿರೋದರ ಮೇಲೆ ಯಾಕೆ ಹಾಕ್ತೀಯ? ಈಗ ನನಗೆ ಬುದ್ಧಿ ಬಂತು. ಅಮ್ಮನ್ನ ಕರೆಸಿಕೊಳ್ಳೋಕೆ ಅಲ್ಲ ನೀನು ಈ ಮೆಷಿನ್ ಕಳಿಸಿದ್ದು. ಟೇಪ್ ಸವೆದರೆ ಅಮ್ಮ ಎದ್ದು ನಿನ್ನ ಬಾಗಿಲಿಗೆ ಬಂದುಬಿಡ್ತಾಳೆ ಅಂತ ಕಳಿಸಿದ್ದು. ಡಿಸ್ಕ್ ಸವೆಯಲ್ಲ ಅಂತ ಕುಣಿದಾಡಿದೆಯಲ್ಲ, ನಾನು ಸವೆಯಲ್ವಾ?

ಒಂದು ಮಾತು ಹೇಳ್ತೀನಿ, ಬೈಕೋ ಬೇಕಾದರೆ. ಆ ಟೇಪ್ ಕಿರ್ ಅಂದಾಗೆಲ್ಲ ನನ್ನ ಎದೆ ಒಂದು ಕಡೆ ಧಸಕ್ ಅನ್ನೋದು, ಇನ್ನೊಂದು ಕಡೆ ಹರಿದು ಹೋಗಲಿ ಅನ್ನೋದು. ನನ್ನ ಗಂಡನ ದನಿ ಹರಿದು ಹೋಗಲಿ ಅಂತ ನಾನು ಕಾಯ್ತಿದ್ದೆ. ಅಂಥ ಸ್ಥಿತಿಗೆ ಬಂದಿದ್ದೀನಿ.

ಕಿಟಕಿ ಪಕ್ಕದ ರೂಮು ಅಂತ ವರ್ಷಾನುಗಟ್ಟಲೆ ನಮ್ಮ ಮೂಗಿಗೆ ತುಪ್ಪ ಸವರಿದ್ದೀಯ. ಆ ರೂಮಿನ ಒಂದು ಫೋಟೋ ತೆಗೆದು ಕಳಿಸು. ಖಾಲಿ ರೂಮು ಹೇಗಿರುತ್ತೆ ಅಂತ ನಾನೂ ನೋಡ್ತೀನಿ.

ಅತ್ತಿಗೆ


ಜೂನ್ 24

ಅತ್ತಿಗೆ,

ರೂಮಿನ ಫೋಟೋ ಕೇಳಿದ್ದೀರಿ. ತೆಗೆದರೆ ಅದರಲ್ಲಿ ಮಂಚದ ಮೇಲೆ ನಮ್ಮತ್ತೆ ಬರ್ತಾರೆ.

ಇವರ ತಾಯಿ ಬಿದ್ದು ಸೊಂಟ ಮುರಿದು ಎರಡು ವರ್ಷವಾಯ್ತು. ಅವತ್ತಿನಿಂದ ಆ ರೂಮಲ್ಲೇ ಮಲಗಿದ್ದಾರೆ. ಎದ್ದು ಕೂರಿಸೋದು, ಒರೆಸೋದು, ಉಣ್ಣಿಸೋದು, ಎಲ್ಲ ನಾನೇ. ಕೆಲಸ ಬಿಟ್ಟೆ. ಅದನ್ನೂ ನಿಮಗೆ ಹೇಳಿಲ್ಲ. ಮೆಷಿನ್ ತಂದವರನ್ನ ಗೇಟಲ್ಲೇ ಕಳಿಸಿದ್ದು ಯಾಕೆ ಗೊತ್ತಾ? ಅವರು ಒಳಗೆ ಬಂದು ನೋಡಿ, ಅಲ್ಲಿ ಬಂದು ಅಮ್ಮನ ಮುಂದೆ ಹೇಳ್ತಾರೆ ಅಂತ. ಮದುವೆ ಹೊತ್ತಲ್ಲಿ ಅಮ್ಮ ನನ್ನ ಮುಖಕ್ಕೆ ಹೊಡೆದ ಹಾಗೆ ಅಂದಿದ್ದಳು, "ಆ ಮನೇಲಿ ನೀನು ಸೊಸೆ ಆಗಲ್ಲ, ಆಳು ಆಗ್ತೀಯ" ಅಂತ. ಅವಳ ಮಾತು ನಿಜವಾಯ್ತು ಅಂತ ನನ್ನ ಬಾಯಲ್ಲೇ ಹೇಳೋಕೆ ನಾಲಿಗೆ ಏಳಲಿಲ್ಲ.

ಟಿವಿ ಇರೋದೂ ಆ ರೂಮಲ್ಲೇ. ಅವರು ಬೆಳಗಿನಿಂದ ರಾತ್ರಿವರೆಗೆ ಬಿಡಲ್ಲ. ನಿಮ್ಮ ಡಿಸ್ಕ್ ಎರಡೂ ಕವರಿನಲ್ಲೇ ಇವೆ ಅತ್ತಿಗೆ. ಒಂದನ್ನೂ ಹಾಕಿ ನೋಡಿಲ್ಲ. ಮೊದಲನೇದು ಓಡ್ತಿಲ್ಲ ಅಂತ ನಾನು ಸುಮ್ಮನೆ ಬರೆದೆ. ಅದು ನಿಜವಾಗಲೂ ಓಡೋದಿಲ್ಲ ಅಂತ ನಿಮ್ಮ ಕಾಗದ ಬಂದಾಗಲೇ ನನಗೆ ಗೊತ್ತಾಗಿದ್ದು. ಓದಿ ನಗು ಬಂತು, ಆಮೇಲೆ ಅಡುಗೆಮನೇಲಿ ನಿಂತು ಅತ್ತುಬಿಟ್ಟೆ.

ಅಮ್ಮನ ಕರೆಸ್ತೀನಿ ಅಂತ ಒಂದು ಸಲ ಇವರ ಹತ್ತಿರ ಬಾಯಿಬಿಟ್ಟೆ. ಇವರು ಎದ್ದು ತಮ್ಮ ರೂಮಿಗೆ ಹೋದರು. ಅತ್ತೆ ಮಂಚದಿಂದಲೇ, "ನಿಮ್ಮಮ್ಮನ್ನ ನೋಡೋಕೆ ನಿಮ್ಮ ಅತ್ತಿಗೆ ಇದ್ದಾಳಲ್ಲ, ನನ್ನನ್ನ ನೋಡೋಕೆ ನೀನಿದ್ದೀಯ. ಲೆಕ್ಕ ಸರಿಹೋಯ್ತಲ್ಲ" ಅಂದರು.

ನಿಮ್ಮ ಊಹೆ ಸುಳ್ಳಲ್ಲ. ಟೇಪ್ ಹರಿದರೆ ಅಮ್ಮ ಬಂದುಬಿಡ್ತಾಳೆ, ನನ್ನ ಸ್ಥಿತಿ ನೋಡಿಬಿಡ್ತಾಳೆ ಅನ್ನೋ ಭಯಕ್ಕೇ ಮೆಷಿನ್ ಕಳಿಸಿದ್ದು. ನೀವು ಅದನ್ನ ಉಪಕಾರ ಅಂತ ಓದಿಕೊಂಡಿರಿ. ನಾನು ತಿದ್ದಲಿಲ್ಲ. ನಿಮ್ಮ ಕೆಲಸ ನನ್ನಿಂದ ತಪ್ಪುತ್ತೆ ಅಂತ ಗೊತ್ತು. ಏನಂತ ಬರೀಲಿ, ಅತ್ತಿಗೆ?

ಗುಬ್ಬಿ


ಜುಲೈ 7

ಗುಬ್ಬಿ, ನನ್ನ ಕೂಸೇ,

ಎರಡು ವರ್ಷ! ಒಬ್ಬಳೇ! ನನಗಾದರೂ ಬರೆಯಬಾರದಿತ್ತಾ? ಬೈದಿದ್ದು ಮರೆತುಬಿಡು. ಮರೆಯೋಕಾಗದಿದ್ದರೆ ವಾಪಸ್ ಬೈದುಬಿಡು.

ನಿನ್ನ ಕಾಗದ ಬಂದಾಗ ಟೇಪ್ ಓಡ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಓದಿದೆ. ನನ್ನ ಮುಖ ಹೇಗಾಯ್ತೋ ಏನೋ, ಅತ್ತೆ ರಿಮೋಟ್ ತಗೊಂಡು ಟೇಪ್ ನಿಲ್ಲಿಸಿದರು. ಅವರಿಗೆ ನಿಲ್ಲಿಸೋಕೆ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. "ಇಷ್ಟು ದಿನ ನನಗೆ ಕಾಣದ ಹಾಗೆ ಓದಿದ್ದು ಸಾಕು. ಇವತ್ತು ಕೇಳೋ ಹಾಗೆ ಓದು" ಅಂದರು.

ಓದಿದೆ ಗುಬ್ಬಿ. ಒಂದಕ್ಷರ ಬಿಡಲಿಲ್ಲ. ಆಳು ಅನ್ನೋ ಮಾತು ಬಂದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಹಳೇದೂ ತೆಗಿ ಅಂದರು. ನಾನು ನಿನಗೆ ಬರೆದದ್ದನ್ನೂ ಬಾಯಲ್ಲಿ ಹೇಳಿದೆ, ಫ್ಯಾಕ್ಟರಿ, ಉಸಿರು ಕಟ್ಟೋದು, ಟೇಪ್ ಹರೀಲಿ ಅಂತ ಕಾದದ್ದು. ಹೇಳಬಾರದಿತ್ತೇನೋ. ಬಾಯಿ ತೆರೆದ ಮೇಲೆ ಮುಚ್ಚೋಕೆ ಆಗಲಿಲ್ಲ.

ಅತ್ತೆ ರಿಮೋಟ್ ಪಕ್ಕಕ್ಕಿಟ್ಟರು. ಆಮೇಲೆ, "ಅಲ್ವೇ, ನಾನು ದಿನಾ ಈ ಕುರ್ಚೀಲಿ ಯಾಕೆ ಕೂರ್ತಿದ್ದೆ ಅಂದ್ಕೊಂಡಿದ್ದೀಯ?" ಅಂದರು.

"ನಿಮಗೆ ಬೇಕು ಅಂತ."

"ಮೊದಮೊದಲು ಬೇಕಿತ್ತು, ಸುಳ್ಳು ಹೇಳಲ್ಲ. ಆಮೇಲೆ ಸಾಕಾಯ್ತು. ಅದೇ ದುಪ್ಪಟಿ, ಅದೇ ಬಕೆಟ್ಟು. ಆದರೆ ನೀನು ದಿನಾ ತಪ್ಪದೆ ಹಾಕ್ತಿದ್ದೆ. ಗಂಡನ ದನಿ ಕೇಳೋಕೆ ಇವಳಿಗೆ ಇದೊಂದೇ ಹೊತ್ತು, ನಾನು ಬೇಡ ಅಂದರೆ ಒಬ್ಬಳೇ ಕೂತು ನೋಡ್ತಾಳೆ, ಬೇಡ ಅಂತ ಕೂತೆ. ಟೇಪ್ ಸಿಕ್ಕಿಹಾಕಿಕೊಂಡ ದಿನ ನೀನು ತಟ್ಟೆ ಮುಟ್ಟಲಿಲ್ಲ. ಅದಕ್ಕೆ ನಾನೂ ಬಿಟ್ಟೆ."

ಗುಬ್ಬಿ, ಅವರು ಊಟ ಬಿಟ್ಟರು ಅಂತ ಅವತ್ತು ನಾನು ತಟ್ಟೆ ಮುಟ್ಟಿರಲಿಲ್ಲ!

"ಹಾಗಾದರೆ 'ನೋಡ್ತಾ ಇದ್ದೀನಪ್ಪ' ಅನ್ನೋದು?" ಅಂದೆ.

"ಮಗ ಕರೆದರೆ ಸುಮ್ಮನೆ ಇರೋಕಾಗುತ್ತೇನೆ? ಅವತ್ತು ತಿರುಗಲಿಲ್ಲವಲ್ಲ ನಾನು." ಅಷ್ಟು ಹೇಳಿ ಅತ್ತರು. ನಾನೂ ಅತ್ತುಬಿಟ್ಟೆ. ಇಷ್ಟು ವರ್ಷ ಜೊತೇಲಿ ಕೂತು ಒಂದು ದಿನವೂ ಜೊತೆಗೆ ಅತ್ತಿರಲಿಲ್ಲ ನಾವು.

ಕಣ್ಣೊರೆಸಿಕೊಂಡು ಮೊದಲು ಕೇಳಿದ್ದು ಏನು ಗೊತ್ತಾ? "ಫ್ಯಾಕ್ಟರಿ ರೂಮಲ್ಲಿ ಎರಡು ಮಂಚ ಹಿಡಿಸುತ್ತಾ?" ನಿನ್ನ ಹತ್ತಿರ ಮುಚ್ಚಿಡೋದೇನು, ನಾನು ಒಬ್ಬಳೇ ಹೋಗಬೇಕು ಅಂತಿದ್ದೆ. ನನ್ನದೇ ಬೀಗ, ನನ್ನದೇ ಕೀಲಿ. ಅದು ಅವರಿಗೂ ಗೊತ್ತಾಯ್ತು. "ನೀನು ಒಬ್ಬಳೇ ಹೋಗಬೇಕು ಅಂತಿದ್ದೀಯ. ಆದರೆ ನನ್ನ ಬಿಟ್ಟು ಹೋಗೋಕೆ ನಿನ್ನ ಕೈಲಿ ಆಗಲ್ಲ. ಅದು ನಿನ್ನ ಹಣೆಬರಹ, ನಾನೇನು ಮಾಡಲಿ? ಹಗಲೆಲ್ಲ ನೀನು ಫ್ಯಾಕ್ಟರೀಲಿ ಇರ್ತೀಯ. ಅಷ್ಟು ಸಾಲದಾ?" ಅಂದರು. ಯೋಚನೆ ಮಾಡಿದೆ. ಅಷ್ಟು ಸಾಕು ಅನ್ನಿಸ್ತು. ಇಷ್ಟು ತಿಂಗಳು ಇಬ್ಬರೂ ಕಾಗದ ಬರೆದದ್ದೇ ಬರೆದದ್ದು, ನಿಮಗೇನು ಬೇಕು ಅಂತ ಅವರನ್ನ ಯಾರೂ ಕೇಳಿರಲಿಲ್ಲ ನೋಡು.

ಹದಿಮೂರಕ್ಕೆ ಹೊರಡ್ತೀವಿ. ಮೆಷಿನ್ ರಿಪೇರಿಯವರಿಗೆ ಕೊಟ್ಟೆ. ಟೆರೇಸ್ ಕ್ಯಾಸೆಟ್ ಮಾತ್ರ ಅತ್ತೆ ಸೀರೆ ಮಧ್ಯೆ ಸುತ್ತಿಟ್ಟಿದ್ದಾರೆ. ಅಲ್ಲಿ ಓಡಿಸೋಕೆ ಏನೂ ಇಲ್ಲ, ಆದರೂ ಇರಲಿ ಅಂತಾರೆ. ನಿನ್ನನ್ನ ಹೇಗೆ ಬಿಡಿಸೋದು ಅಂತ ಗೊತ್ತಾಗದೆ ಹೋಗ್ತಿದ್ದೀನಿ. ಇದೊಂದು ನೋವು ಬಿಟ್ಟರೆ ನನಗೆ ರೆಕ್ಕೆ ಬಂದ ಹಾಗಿದೆ.

ಅತ್ತೆ ತಾವೇ ಎರಡು ಸಾಲು ಬರೀತಾರಂತೆ.

ನಿನ್ನ
ಅತ್ತಿಗೆ

ಗುಬ್ಬಿ, ಆಳು ಅಂತ ನಾನು ಅಂದದ್ದು ಸಿಟ್ಟಿಗೆ. ಅದನ್ನ ಇಷ್ಟು ದಿನ ಹೊತ್ಕೊಂಡಿದ್ದೀಯಲ್ಲ, ಹುಚ್ಚಿ. ಆ ಡಿಸ್ಕು ಒಂದು ಸಲ ಹಾಕಿ ನೋಡು. ಅಣ್ಣನ ದನಿ ಕೇಳಿದರೆ ಮನಸ್ಸು ಹಗುರ ಆಗುತ್ತೆ. ನಿಮ್ಮತ್ತೆ ನಿದ್ದೆ ಮಾಡುವಾಗ ಹಾಕು. ಅಮ್ಮ.


ಆಗಸ್ಟ್ 20

ಪ್ರೀತಿಯ ಅತ್ತಿಗೆ,

ಹೊಸ ಮನೆಯಿಂದ ಅಮ್ಮ ಫೋನ್ ಮಾಡಿದಳು. ಹಿಂದುಗಡೆ ಮೆಷಿನ್‌ಗಳ ಸದ್ದು ಕೇಳ್ತಿತ್ತು. ಮೂವತ್ತು ಜನ ಹೊಲಿಯೋರಲ್ಲಿ ಯಾರಿಗೆ ಮದುವೆ ಆಗಿದೆ, ಯಾರಿಗೆ ಆಗಿಲ್ಲ ಅಂತ ಎಲ್ಲ ತಿಳ್ಕೊಂಡಿದ್ದಾಳಂತೆ. ಮಧ್ಯಾಹ್ನ ಅವರೆಲ್ಲ ಅವಳ ಮಂಚದ ಸುತ್ತ ಕೂತು ಊಟ ಮಾಡ್ತಾರಂತೆ. ಕೇಳಿ ಹೊಟ್ಟೆ ತಣ್ಣಗಾಯ್ತು. ನನಗೆ ಫೋನಲ್ಲಿ ಹೆಚ್ಚು ಮಾತಾಡೋಕೆ ಆಗಲಿಲ್ಲ. ಇಲ್ಲೂ ಫೋನ್ ಮಂಚದ ಪಕ್ಕದಲ್ಲೇ ಇದೆ.

ಅಮ್ಮ ಹೇಳಿದ ಹಾಗೆ ಎರಡನೇ ಡಿಸ್ಕ್ ಹಾಕಿದೆ. ಒಂದು ಮಧ್ಯಾಹ್ನ ಅತ್ತೆ ಗೊರಕೆ ಹೊಡೀತಿದ್ದರು. ದನಿ ತೀರಾ ಸಣ್ಣಗೆ ಇಟ್ಟು, ಟಿವಿಗೆ ಕಿವಿ ಕೊಟ್ಟು ನೆಲದ ಮೇಲೆ ಕೂತೆ. ಓಡ್ತು ಅತ್ತಿಗೆ. ನೀವು ಬಕೆಟ್ ಹೊತ್ತು ಬಂದಿರಿ, ಎಷ್ಟು ಚೆಂದ ಇದ್ದಿರಿ ನೀವು! ನಾನು ನಾಲಿಗೆ ಚಾಚಿದೆ. ಅಣ್ಣ "ಅಮ್ಮಾ, ಇಲ್ಲಿ ನೋಡು" ಅಂದ. ನನ್ನ ಬಾಯಿ ಮೇಲೆ ಕೈಯಿಟ್ಟುಕೊಂಡು ಅಳು ತಡೆದೆ.

ಹಿಂದಿನಿಂದ, "ಯಾರೇ ಅದು ಕರೀತಿರೋದು?" ಅಂತ ಬಂತು.

ಅತ್ತೆಗೆ ಎಚ್ಚರವಾಗಿತ್ತು. ಬೈತಾರೆ ಅಂದ್ಕೊಂಡು ನಿಲ್ಲಿಸೋಕೆ ಹೋದೆ. "ಇರಲಿ ಬಿಡು, ದನಿ ಜೋರು ಮಾಡು" ಅಂದರು. ಅಣ್ಣ ಮತ್ತೆ ಕರೆದ. ಅಮ್ಮ ಬೆನ್ನು ಹಾಕಿ ನಿಂತಳು. ಅತ್ತೆಗೆ ಸಿಟ್ಟು ಬಂತು. "ಮಗ ಅಷ್ಟು ಪ್ರೀತಿಯಿಂದ ಕರೀತಿದ್ದಾನೆ, ತಿರುಗಿ ನೋಡೋಕೆ ಆ ಹೆಂಗಸಿಗೆ ಏನು ದೊಡ್ಡಸ್ತಿಕೆ!" ಅಂದರು. ಅದು ನಮ್ಮಮ್ಮ ಅಂತ ನಾನು ಹೇಳಲಿಲ್ಲ. ಮೊದಲಿಂದ ಹಾಕು ಅಂದರು. ಹಾಕಿದೆ. ಮೂರನೇ ಸಲ ಅಣ್ಣ ಕರೆದಾಗ, ಅತ್ತೆ ದಿಂಬಿನಿಂದ ತಲೆ ಎತ್ತಿ, "ನೋಡ್ತಾ ಇದ್ದೀನಪ್ಪ" ಅಂದರು.

ನಾನು ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ ಅತ್ತಿಗೆ. ಆಣೆ.

ಅವತ್ತಿನಿಂದ ಬೆಳಿಗ್ಗೆ ಒರೆಸಿ ತಿಂಡಿ ತಿನ್ನಿಸಿದ ಕೂಡಲೇ, "ಹಾಕು ಆ ಹುಡುಗನ್ನ" ಅಂತಾರೆ. ನಾನು ಪಕ್ಕದಲ್ಲಿ ಕೂತಿರಬೇಕು, ಎದ್ದರೆ ಸೆರಗು ಹಿಡೀತಾರೆ. ಅವರ ಸ್ವಂತ ಮಗ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಹೋಗ್ಬರ್ತೀನಿ" ಅಂತಾರೆ, ಒಳಗೆ ಕಾಲಿಡಲ್ಲ. ಸಂಜೆ ಬಂದು ತಮ್ಮ ರೂಮು ಸೇರ್ತಾರೆ. ಆ ಮುದುಕೀನ ಅಮ್ಮಾ ಅಂತ ಕೂಗಿ ಕರೆಯೋನು ಈ ಮನೇಲಿ ನಮ್ಮಣ್ಣ ಒಬ್ಬನೇ. ಬೇಡ ಅಂತ ಹೇಗೆ ಹೇಳಲಿ? ಅವರು ಈಗ ನನ್ನ ಮೇಲೆ ಕೂಗಾಡೋದೂ ಕಡಿಮೆ ಮಾಡಿದ್ದಾರೆ. ಅದೇ ನನಗೆ ಇನ್ನೂ ಹೆಚ್ಚು ಭಯ.

ಡಿಸ್ಕ್ ಮೇಲೆ ಒಂದು ಗೀಚು ಬಿದ್ದರೆ ಸಾಕು, ಓಡಲ್ಲ ಅಂತ ಯಾರೋ ಹೇಳಿದರು. ಹೋದ ವಾರ ಅಡುಗೆಮನೇಲಿ ನಿಂತು ಅದನ್ನ ಬೆಳಕಿಗೆ ಹಿಡಿದೆ. ಇನ್ನೊಂದು ಕೈಯಲ್ಲಿ ಸೂಜಿ ಇತ್ತು. ಡಿಸ್ಕಿನಲ್ಲಿ ನನ್ನ ಮುಖವೇ ಕಾಣ್ತಿತ್ತು. ಅಣ್ಣನ ದನಿ ಅಲ್ವಾ ಅತ್ತಿಗೆ, ಕೈ ಬರಲಿಲ್ಲ. ಒರೆಸಿ ಕವರಿಗೆ ಹಾಕಿ ಇಟ್ಟೆ.

ನಿಮಗೆ ಸವೆಯೋ ಟೇಪಿತ್ತು. ನನಗೆ ಅದೂ ಇಲ್ಲ. ಆ ರಿಪೇರಿಯವರ ಹತ್ತಿರ ಮಾತಾಡೋಕೆ ಆದರೆ ಒಂದೇ ಒಂದು ವಿಷಯ ಕೇಳಿ ನನಗೆ ಬರೀರಿ. ಅಂಗಡಿಯವನ ಹಾಗೆ ಎದೆ ಮುಟ್ಟಿಕೊಳ್ಳೋದು ಬೇಡ, ಇದ್ದದ್ದು ಇದ್ದ ಹಾಗೆ ಹೇಳಲಿ. ಡಿಸ್ಕ್ ಸವೆಯೋದೇ ಇಲ್ವಾ?

ನಿಮ್ಮ
ಗುಬ್ಬಿ